ಮಲೆನಾಡಿನ ಹಣ್ಣಿನ ಬೆಳೆ: ಕಸಿ ಗಿಡ ಎಲ್ಲ ತೋಟಕ್ಕೂ ಬಂತು, ಉಳಿದ ಸುಧಾರಿತ ಕ್ರಮಗಳು ಏಕೆ ಬರಲಿಲ್ಲ?

ಪ್ರಶ್ನೆ — ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯವನು, ಕೃಷಿ ವಿಸ್ತರಣೆಯ ಸ್ನಾತಕೋತ್ತರ ವಿದ್ಯಾರ್ಥಿ. ತೀರ್ಥಹಳ್ಳಿ, ಹೊಸನಗರ, ಸಾಗರ ಮತ್ತು ಸೊರಬ ತಾಲ್ಲೂಕುಗಳ ರೈತರು ಹಣ್ಣಿನ ಬೆಳೆಗಳಲ್ಲಿ ಸುಧಾರಿತ ಬೇಸಾಯ ಕ್ರಮಗಳನ್ನು ಎಷ್ಟರಮಟ್ಟಿಗೆ ಅಳವಡಿಸಿಕೊಂಡಿದ್ದಾರೆ ಎಂಬುದು ನನ್ನ ಪ್ರಬಂಧದ ವಿಷಯ.

ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಶಿಫಾರಸು ಮಾಡಿದ ಕ್ರಮಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಪೂರ್ತಿ ಅನುಸರಿಸಿದ್ದರೆ 2, ಅರ್ಧಂಬರ್ಧ ಅನುಸರಿಸಿದ್ದರೆ 1, ಅನುಸರಿಸದಿದ್ದರೆ 0 ಎಂದು ಅಂಕ ಕೊಟ್ಟು, ಮೊತ್ತವನ್ನು ಗರಿಷ್ಠ ಅಂಕದಿಂದ ಭಾಗಿಸಿ, ನೂರರಿಂದ ಗುಣಿಸಿ ಅಳವಡಿಕೆ ಸೂಚ್ಯಂಕ ತೆಗೆಯುತ್ತಾರೆ. ಆಮೇಲೆ ರೈತರನ್ನು ಮೂರು ಗುಂಪು ಮಾಡಿ, ವಯಸ್ಸು, ಓದು, ಹಿಡುವಳಿ, ಇಲಾಖೆಯ ಸಂಪರ್ಕ ಇವುಗಳೊಡನೆ ತಾಳೆ ನೋಡುತ್ತಾರೆ. ನಾನೂ ಅದೇ ದಾರಿಯಲ್ಲಿ ಹೊರಟವನು. ಆದರೆ ಆರಂಭದ ಕೆಲವು ಭೇಟಿಗಳಲ್ಲೇ ಕಂಡ ಸಂಗತಿಯೊಂದಕ್ಕೆ ಈ ಲೆಕ್ಕದಲ್ಲಿ ಉತ್ತರ ಸಿಗುತ್ತಿಲ್ಲ.

ಕಸಿ ಗಿಡವನ್ನು ಒಪ್ಪದ ರೈತರು ಈಗ ಇಲ್ಲವೆಂದೇ ಹೇಳಬಹುದು. ಅಪ್ಪೆಮಿಡಿ (ಉಪ್ಪಿನಕಾಯಿಗೆ ಬಳಸುವ ಮಿಡಿಮಾವು), ಹಲಸು, ಸಪೋಟ, ಈಚೆಗೆ ರಂಬುಟಾನ್, ಬೆಣ್ಣೆಹಣ್ಣು, ಯಾವುದಾದರೂ ಸರಿ, ದುಡ್ಡು ಕೊಟ್ಟು ಕಸಿ ಗಿಡವನ್ನೇ ತರುತ್ತಾರೆ. ಆದರೆ ಅಲ್ಲಿಗೆ ಹೆಚ್ಚಿನವರ ಸುಧಾರಣೆ ನಿಲ್ಲುತ್ತದೆ. ರಿಪ್ಪನ್‌ಪೇಟೆ ಕಡೆಯ ಒಂದು ತೋಟದ ಅಂಚಿನಲ್ಲಿ ಮೂರ್ನಾಲ್ಕು ವರ್ಷದ ಅಪ್ಪೆಮಿಡಿ ಕಸಿಗಳನ್ನು ನೋಡಿದೆ. ಕಸಿ ಗಂಟಿನ ಕೆಳಗಿನಿಂದ ಬೇರುಸಸಿಯ (ಕಸಿ ಕಟ್ಟಲು ಬುಡವಾಗಿ ಬಳಸಿದ ಸಸಿಯ) ಚಿಗುರು ಎದ್ದು, ಕಸಿಕೊಂಬೆಯನ್ನೇ ಮೀರಿಸಿ ಬೆಳೆದಿತ್ತು. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಕಾಂಡವನ್ನು ಬಿಗಿದು ಹಿಡಿದಿತ್ತು. ಆ ಮನೆಯ ಯಜಮಾನರು ತರಬೇತಿಗೆ ಹೋದವರು, ಗಂಟಿನ ಕೆಳಗಿನ ಚಿಗುರನ್ನು ಚಿವುಟಬೇಕೆಂದು ನನಗಿಂತ ಚೆನ್ನಾಗಿ ವಿವರಿಸಿದರು. ತಿಳಿವಳಿಕೆ ಇದ್ದೂ ಕೆಲಸ ಆಗಿಲ್ಲ. ಸವರುವಿಕೆ (ಕೊಂಬೆ ಕತ್ತರಿಸುವುದು), ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದು, ಹಣ್ಣುನೊಣದ ಬಲೆ, ಬಾಳೆಯಲ್ಲಿ ಕಂದು (ಬುಡದಲ್ಲೇಳುವ ಮರಿಗಿಡ) ತೆಗೆಯುವುದು, ಎಲ್ಲದರ ಕಥೆಯೂ ಹೀಗೆಯೇ ಇದೆ.

ತೋಟ ಮಾಡುವವರು, ನರ್ಸರಿ ನಡೆಸುವವರು, ಇಲಾಖೆಯಲ್ಲಿ ದುಡಿದವರು ಇಲ್ಲಿ ಇದ್ದೀರಿ. ಗೊತ್ತಿರುವ ಕ್ರಮವೊಂದು ತೋಟಕ್ಕೆ ಇಳಿಯದಿರುವುದಕ್ಕೆ ನಿಮ್ಮ ಅನುಭವದಲ್ಲಿ ಕಾರಣಗಳೇನು? ಅದನ್ನು ಅಳೆಯಲು ನಾನು ರೈತರನ್ನು ಏನೆಂದು ಕೇಳಬೇಕು?

ಉತ್ತರ — ಹಿನ್ನೀರು ತೋಟ, ಹೊಸನಗರ

ನಿಮ್ಮ ಪಟ್ಟಿಯ ಪಕ್ಕದಲ್ಲಿ ಅಡಿಕೆಯ ಪಂಚಾಂಗವನ್ನು ಇಟ್ಟು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೃಗಶಿರಾ ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದಿನ) ಮೊದಲ ಸಿಂಪಡಣೆ ಮುಗಿಯಬೇಕು. ನಲವತ್ತರಿಂದ ನಲವತ್ತೈದು ದಿನಕ್ಕೆ, ಪುಷ್ಯ ಮಳೆಯ ಹೊಳವಿನಲ್ಲಿ (ಮಳೆ ಬಿಡುವು ಕೊಟ್ಟಾಗ), ಎರಡನೆಯದು. ಆಗ ಮರ ಹತ್ತುವವರು ಸಿಕ್ಕಿದ ದಿನವೇ ಸಿಂಪಡಣೆಯ ದಿನ, ನಮ್ಮ ಇಷ್ಟಕ್ಕೆ ದಿನ ಗೊತ್ತು ಮಾಡುವಂತಿಲ್ಲ. ಮಳೆ ಕಳೆದ ಮೇಲೆ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು), ಸುಲಿತ, ಬೇಯಿಸುವುದು, ಒಣಗಿಸುವುದು. ಅದು ಮುಗಿಯುವ ಹೊತ್ತಿಗೆ ಕಾಳುಮೆಣಸಿನ ಕೊಯ್ಲು. ಮಾವಿನ ಪುಸ್ತಿಕೆ ತೆರೆದರೆ ಕೊಯ್ಲಾದ ಮೇಲೆ ಜುಲೈ–ಆಗಸ್ಟಿನಲ್ಲಿ ಸವರಿ ಗೊಬ್ಬರ ಕೊಡಿ ಎಂದಿರುತ್ತದೆ. ಆ ಎರಡು ತಿಂಗಳು ನಮ್ಮಲ್ಲಿ ಮಳೆ ಬಿಡುವುದಿಲ್ಲ. ಕಡಿದ ಕೊಂಬೆಗೆ ಹಚ್ಚಿದ ಬೋರ್ಡೋ ಮುಲಾಮು ಒಣಗುವ ಮೊದಲೇ ತೊಳೆದುಹೋಗುತ್ತದೆ, ಇರುವ ಆಳುಗಳೆಲ್ಲ ಅಡಿಕೆ ಮರದ ಮೇಲಿರುತ್ತಾರೆ. ಹೀಗಿರುವಾಗ ಅದನ್ನು ಮಾಡದ ರೈತನಿಗೆ ಸೊನ್ನೆ ಅಂಕ ಹಾಕುವುದರಿಂದ ನಿಮಗೆ ಏನು ತಿಳಿದಂತಾಯಿತು?

ಇದೇ ಕೆಲಸವನ್ನು ಬೇರೆ ತಿಂಗಳಿಗೆ ಹೊಂದಿಸಿದರೆ ಜನ ಮಾಡುತ್ತಾರೆ ಎಂಬುದಕ್ಕೂ ಉದಾಹರಣೆ ಇದೆ. ಅಪ್ಪೆಮಿಡಿಯ ಕೊಯ್ಲು ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ, ಹಣ್ಣಿಗಾಗಿ ಮೇ ಕೊನೆಯವರೆಗೆ ಕಾಯುವ ಮಾತಿಲ್ಲ. ನಮ್ಮೂರಿನಲ್ಲಿ ಕಸಿ ಅಪ್ಪೆಮಿಡಿಯನ್ನು ಗಿಡ್ಡವಾಗಿ ಇಟ್ಟುಕೊಂಡವರೆಲ್ಲ ಮಿಡಿ ಕೊಯ್ದ ಬೆನ್ನಿಗೇ, ಅಡಿಕೆ ಕೆಲಸ ಸಡಿಲವಾಗಿರುವಾಗ, ಒಣ ಹವೆಯಲ್ಲಿ ನಡುಗೊಂಬೆ ತೆಗೆದು ಬೆಳಕು ಬಿಡಿಸುತ್ತಾರೆ. ಯಾವ ತರಬೇತಿಯಲ್ಲೂ ಇದನ್ನು ಹೇಳಿರಲಿಲ್ಲ. ಒಬ್ಬರು ಮಾಡಿದರು, ಮರುವರ್ಷ ನೆಲದ ಮೇಲೆ ನಿಂತೇ ಮಿಡಿ ಕೊಯ್ದರು, ಉಳಿದವರು ನೋಡಿ ಕಲಿತರು. ಹೊಳೆಬದಿಯ ಹಳೆಯ ಮರಗಳಲ್ಲಿ ಮಿಡಿಗಾಗಿ ಕೊಂಬೆಯನ್ನೇ ಕಡಿದು ಕೆಡವುವ ದುರಭ್ಯಾಸದಿಂದ ಎಂಥೆಂಥ ತಳಿಗಳು ಹಾಳಾಗಿವೆ ಎಂಬುದನ್ನು ಕಂಡವರಿಗೆ ಈ ಬದಲಾವಣೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ನಿಮ್ಮ ಸೂಚ್ಯಂಕದಲ್ಲಿ ಇದು "ಶಿಫಾರಸಿನ ಕಾಲಕ್ಕೆ ಮಾಡಿಲ್ಲ" ಎಂದು ದಾಖಲಾಗಿಬಿಟ್ಟರೆ ಅನ್ಯಾಯ.

ಬಾಳೆಯ ವಿಷಯದಲ್ಲಿ ಇನ್ನೊಂದು ಮಾತು. ಹೊಸ ಅಡಿಕೆ ತೋಟದಲ್ಲಿ ನಾವು ಬಾಳೆ ಹಾಕುವುದು ಎಳೆಯ ಅಡಿಕೆ ಸಸಿಗೆ ನೆರಳಾಗಲಿ ಎಂದು, ಗೊನೆ ಅದರ ಮೇಲಿನ ಲಾಭ. ಒಂದು ಬುಡಕ್ಕೆ ಒಂದೇ ಕಂದು ಬಿಟ್ಟು ಉಳಿದದ್ದನ್ನು ತೆಗೆಯಿರಿ ಎನ್ನುವ ಶಿಫಾರಸು ಗೊನೆಗಾಗಿ ಮಾಡಿದ್ದು. ನೆರಳು ಬೇಕಾದವನು ಕಂದುಗಳನ್ನು ಬೇಕೆಂದೇ ಬಿಡುತ್ತಾನೆ. ಬೆಳೆ ಯಾವುದಕ್ಕಾಗಿ ಎಂದು ಮೊದಲು ಕೇಳಿ, ಕ್ರಮದ ಪ್ರಶ್ನೆಯನ್ನು ಆಮೇಲೆ ಕೇಳಿ.

ಉತ್ತರ — ವರದೆಯ ದಂಡೆ, ಸೊರಬ

ಮೇಲಿನವರು ಹೇಳಿದ್ದು ಅಡಿಕೆ ಮನೆಗಳಿಗೆ ಸರಿ. ನಮ್ಮ ಸೊರಬ, ಆನವಟ್ಟಿ, ಅತ್ತ ಬನವಾಸಿಯ ಕಡೆ ಅನಾನಸ್ ಮುಖ್ಯ ಬೆಳೆಯಾಗಿಯೇ ಇದೆ, ಆದ್ದರಿಂದ ಅಳವಡಿಕೆಯ ಚಿತ್ರವೂ ಬೇರೆ. ಇಲ್ಲಿ ಸುಧಾರಿತ ಕ್ರಮಗಳು ಬಂದಿವೆ, ಬೇಗನೆ ಬಂದಿವೆ. ಆದರೆ ಯಾವುವು ಬಂದವು, ಯಾವುವು ಬರಲಿಲ್ಲ ಎಂಬುದನ್ನು ಬಿಡಿಸಿ ನೋಡಿದರೆ ನಿಮ್ಮ ಪ್ರಬಂಧಕ್ಕೆ ಬೇಕಾದ ವಿಷಯ ಅಲ್ಲಿದೆ.

ಹೂ ಬರಿಸುವ ಎಥ್ರೆಲ್ ಉದಾಹರಣೆ ತೆಗೆದುಕೊಳ್ಳಿ. ಅನಾನಸ್ಸನ್ನು ಅದರ ಪಾಡಿಗೆ ಬಿಟ್ಟರೆ ಹೂವು ಒಂದೇ ಸಲ ಬರುವುದಿಲ್ಲ, ಬಂದ ಫಸಲಿನ ಬಹುಪಾಲು ಬೇಸಿಗೆಯ ಕೊನೆ ಮತ್ತು ಮಳೆಗಾಲದ ಆರಂಭದಲ್ಲಿ ಒಟ್ಟಿಗೇ ಮಾರುಕಟ್ಟೆಗೆ ನುಗ್ಗಿ ಬೆಲೆ ಕುಸಿಯುತ್ತದೆ. ಗಿಡಕ್ಕೆ ಸುಮಾರು ನಲವತ್ತು ಎಲೆ ಆದಾಗ, 20 ಲೀಟರ್ ನೀರಿಗೆ 1.25 ಮಿಲಿಲೀಟರ್ ಎಥ್ರೆಲ್, 400 ಗ್ರಾಂ ಯೂರಿಯಾ, 8 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ, ಒಂದೊಂದು ಗಿಡದ ಸುಳಿಗೆ 50 ಮಿಲಿಲೀಟರಿನಂತೆ ಒಣ ದಿನದಲ್ಲಿ ಸುರಿದರೆ, ಹೆಚ್ಚುಕಡಿಮೆ ಇಡೀ ಪಟ್ಟೆ ಒಟ್ಟಿಗೆ ಹೂವಿಗೆ ಬರುತ್ತದೆ. ಹೊಲವನ್ನು ಭಾಗ ಮಾಡಿ ಬೇರೆ ಬೇರೆ ತಿಂಗಳಲ್ಲಿ ಸುರಿದರೆ ಕೊಯ್ಲನ್ನೂ ಹಂಚಬಹುದು. ಈ ಕ್ರಮವನ್ನು ಯಾರೂ ಮನೆಮನೆಗೆ ಹೋಗಿ ಒಪ್ಪಿಸಬೇಕಾಗಲಿಲ್ಲ. ಖರ್ಚು ಅಲ್ಪ, ಫಲ ಒಂದೂವರೆ ತಿಂಗಳಲ್ಲಿ ಕಣ್ಣಿಗೆ ಕಾಣುತ್ತದೆ, ಪಕ್ಕದ ಹೊಲದವನಿಗೂ ಕಾಣುತ್ತದೆ.

ಆದರೆ ಬಂದದ್ದು ಮದ್ದು. ಅದರ ಹಿಂದಿನ ವಿಚಾರ ಪೂರ್ತಿ ಬರಲಿಲ್ಲ. ನಲವತ್ತು ಎಲೆಯ ಲೆಕ್ಕ ನೋಡದೆ, ವ್ಯಾಪಾರಿ ಹೇಳಿದ ತಿಂಗಳಿಗೆ ಸರಿಯಾಗಿ ಸುರಿಯುವವರು ಇದ್ದಾರೆ. ಎಳೆಯ ಗಿಡದಲ್ಲಿ ಹೂವು ಬಂದೇ ಬರುತ್ತದೆ, ಹಣ್ಣು ಮಾತ್ರ ಸಣ್ಣದು. ಹೆಚ್ಚು ಹಾಕಿದರೆ ಹೆಚ್ಚು ಫಲವೆಂದು ಅಳತೆ ಮೀರಿ ಬೆರೆಸುವವರೂ ಇದ್ದಾರೆ. ನೆಡುವಾಗ ಕಂದುಗಳನ್ನು ಅರ್ಧ ಕಿಲೋದಿಂದ ಒಂದು ಕಿಲೋ ತೂಕದವನ್ನಷ್ಟೇ ಆರಿಸಿ, ಗಾತ್ರಕ್ಕನುಸಾರ ಬೇರೆ ಪಟ್ಟೆ ಮಾಡಬೇಕೆಂಬ ಮಾತಿಗೆ ಬೆಲೆ ಸಿಗಲಿಲ್ಲ. ಸಣ್ಣದು ದೊಡ್ಡದು ಕಲಸಿ ನೆಟ್ಟ ಹೊಲದಲ್ಲಿ ಯಾವ ದಿನ ಸುರಿದರೂ ಅರ್ಧ ಗಿಡಗಳಿಗೆ ಅದು ತಪ್ಪು ದಿನವೇ. ನಿಮ್ಮ ಪಟ್ಟಿಯಲ್ಲಿ "ಎಥ್ರೆಲ್ ಬಳಸಿದ್ದಾರೆಯೇ" ಎಂಬ ಒಂದೇ ಪ್ರಶ್ನೆ ಇದ್ದರೆ ಇವರೆಲ್ಲರಿಗೂ ಪೂರ್ತಿ ಅಂಕ ಬಿದ್ದುಹೋಗುತ್ತದೆ.

ಜೋಡಿಸಾಲು ಪದ್ಧತಿಯದೂ ಹಾಗೆ. ಗಿಡದಿಂದ ಗಿಡಕ್ಕೆ 30, ಸಾಲಿನಿಂದ ಸಾಲಿಗೆ 60, ಜೋಡಿಯಿಂದ ಜೋಡಿಗೆ 90 ಸೆಂಟಿಮೀಟರ್ ಬಿಟ್ಟರೆ ಹೆಕ್ಟೇರಿಗೆ ಸುಮಾರು 43,500 ಗಿಡ ಕೂರುತ್ತವೆ. ಗಿಡಗಳ ಸಂಖ್ಯೆ ಹೆಚ್ಚುವ ಭಾಗವನ್ನು ಎಲ್ಲರೂ ಒಪ್ಪಿದರು. ಇಳಿಜಾರಿಗೆ ಅಡ್ಡಲಾಗಿ ಸಾಲು ತೆಗೆಯಬೇಕೆಂಬ ಭಾಗವನ್ನು ಬಿಟ್ಟರು.

ಏಕೆ ಬಿಟ್ಟರು ಎಂದರೆ, ಹೊಲ ಅವರದ್ದಲ್ಲ. ನಮ್ಮಲ್ಲಿ ಶುಂಠಿ ಮತ್ತು ಅನಾನಸ್ಸಿನ ದೊಡ್ಡ ಪಾಲು ಗೇಣಿ ನೆಲದಲ್ಲಿ ಬೆಳೆಯುವಂಥದ್ದು. ಕೇರಳದಿಂದ ಬಂದು ಕೆಲವು ವರ್ಷಕ್ಕೆ ನೆಲ ಹಿಡಿಯುವವರೂ ಇದ್ದಾರೆ, ಊರವರೂ ಇದ್ದಾರೆ. ಬೆಳೆಯ ವಿದ್ಯೆಯಲ್ಲಿ ಅವರು ನಮಗಿಂತ ಮುಂದೆ, ಮಾರಿಷಸ್ ತಳಿಯನ್ನೂ ಎಥ್ರೆಲಿನ ಬಳಕೆಯನ್ನೂ ಅವರಿಂದ ಕಲಿತವರು ನಮ್ಮಲ್ಲಿ ಬಹಳ. ಆದರೆ ಗೇಣಿಯ ಅವಧಿಯೊಳಗೆ ಹಣ ತರುವ ಕ್ರಮ ಮಾತ್ರ ಅವರಿಗೆ ಲಾಭದ ಕ್ರಮ. ಮಣ್ಣು ಕೊಚ್ಚಿಹೋಗದಂತೆ ಬದು ಹಾಕುವುದು, ಆಮ್ಲೀಯ ಮಣ್ಣಿಗೆ ಸುಣ್ಣ ಕೊಡುವುದು, ಇವುಗಳ ಫಲ ಗೇಣಿ ಮುಗಿದ ಮೇಲೆ ನೆಲದ ಒಡೆಯನಿಗೆ. ಒಡೆಯನೋ ಗೇಣಿ ಹಣ ಎಣಿಸಿಕೊಂಡು ಸುಮ್ಮನಾಗಿರುತ್ತಾನೆ. ಮೂರು ಮಳೆಗಾಲ ಕಳೆದ ಮೇಲೆ ಆ ಗುಡ್ಡದ ಮೇಲ್ಮಣ್ಣು ಕೆಳಗಿನ ಕೆರೆಯಲ್ಲಿ ಇರುತ್ತದೆ. ಈ ಮಾತನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಊರಿನ ಕೆರೆಯಂಗಳದಲ್ಲಿ ಕೆಂಪು ಹೂಳು ಏರುತ್ತಿರುವುದು ಎಲ್ಲರಿಗೂ ಕಾಣುತ್ತಿದೆ.

ಹಣ್ಣುನೊಣದ ಬಲೆಯ ವಿಷಯ ಕೇಳಿದ್ದೀರಿ. ಆನವಟ್ಟಿ, ಶಿಕಾರಿಪುರದ ಕಡೆ ಆಪೂಸ್ ತೋಟಗಳಿವೆ. ಮುಂಗಾರು ಪೂರ್ವ ಮಳೆ ಬಿದ್ದ ಕೂಡಲೇ ನೊಣದ ಕಾಟ ಏರುತ್ತದೆ. ಮಿಥೈಲ್ ಯೂಜಿನಾಲ್ ಬಲೆ ಗಂಡು ನೊಣಗಳನ್ನಷ್ಟೇ ಸೆಳೆಯುತ್ತದೆ. ಬೆದೆಗೆ ಗಂಡು ಸಿಗದಂತೆ ಮಾಡಿ ಮುಂದಿನ ಪೀಳಿಗೆಯನ್ನು ತಗ್ಗಿಸುವುದು ಅದರ ಉದ್ದೇಶ. ಸುತ್ತಲಿನ ತೋಟಗಳಲ್ಲಿ ಬಲೆಯಿಲ್ಲದೆ, ಬಿದ್ದ ಹಣ್ಣು ಅಲ್ಲೇ ಕೊಳೆಯುತ್ತಿದ್ದರೆ, ಒಬ್ಬನ ಬಲೆ ತುಂಬ ನೊಣ ಸಿಕ್ಕರೂ ಅವನ ಹಣ್ಣಿನಲ್ಲಿ ಹುಳು ತಪ್ಪುವುದಿಲ್ಲ. ಒಂದು ವರ್ಷ ಕಟ್ಟಿ ನೋಡಿ ಬಿಟ್ಟವರು ನಮ್ಮಲ್ಲಿ ಅನೇಕರು. ಅವರನ್ನು "ಅಳವಡಿಸದವರು" ಎನ್ನಬೇಡಿ. ಕಟ್ಟಿ ಬಿಟ್ಟವರು ಬೇರೆ, ಎಂದೂ ಕಟ್ಟದವರು ಬೇರೆ. ಬಿಟ್ಟವರಿಂದ ನೀವು ಕಲಿಯುವುದೇ ಹೆಚ್ಚು.

ಉತ್ತರ — ನಿವೃತ್ತ ತೋಟಗಾರಿಕೆ ನೌಕರ, ಶಿವಮೊಗ್ಗ

ಇಬ್ಬರ ಮಾತಿನಲ್ಲೂ ತೂಕವಿದೆ. ಒಂದೆರಡು ವಿಷಯಗಳನ್ನು ಸೇರಿಸಿ, ಒಂದು ಕಡೆ ಭಿನ್ನಾಭಿಪ್ರಾಯವನ್ನೂ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲೇ ಎರಡು ಕೃಷಿ ಹವಾಗುಣ ವಲಯಗಳಿವೆ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ ದಕ್ಷಿಣದ ಅರೆಮಲೆನಾಡು ವಲಯಕ್ಕೆ, ಅಂದರೆ ಏಳನೆಯ ವಲಯಕ್ಕೆ ಸೇರಿದವು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಒಂಬತ್ತನೆಯ ಗುಡ್ಡಗಾಡು ವಲಯದವು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ, ಶಿವಮೊಗ್ಗ ಪೇಟೆಯಲ್ಲಿ ಅದರ ಒಂದು ಸಣ್ಣ ಪಾಲು. ಮಾವು, ಸಪೋಟ, ಸೀಬೆಯ ಶಿಫಾರಸುಗಳಲ್ಲಿ ಹೆಚ್ಚಿನವು ಬಯಲುಸೀಮೆಯ ತೋಪುಗಳ ಅನುಭವದಿಂದ ಬಂದವು. ಆದ್ದರಿಂದ ಹೊಸನಗರದವರು ತಿಂಗಳನ್ನು ಬದಲಿಸಿಕೊಂಡದ್ದು ಸರಿಯಾದ ನಡೆ, ಪ್ರಬಂಧದಲ್ಲಿ ಅದಕ್ಕೊಂದು ಪ್ರತ್ಯೇಕ ಕಾಲಂ ಇರಲಿ. ಇರುವಕ್ಕಿಯಲ್ಲಿ ಮುಖ್ಯ ಆವರಣವಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಮಲೆನಾಡಿನೊಳಗೇ ಇರುವುದರಿಂದ, ಇಂಥ ಸ್ಥಳೀಯ ಬದಲಾವಣೆಗಳನ್ನು ಪರೀಕ್ಷಿಸಿ ಶಿಫಾರಸಿನ ಪುಸ್ತಕಕ್ಕೆ ತರುವ ಕೆಲಸಕ್ಕೆ ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಭಿನ್ನಾಭಿಪ್ರಾಯ ಇಷ್ಟೇ. ಎಲ್ಲವನ್ನೂ ಆಳಿನ ಅಭಾವ, ಅಡಿಕೆಯ ಪಂಚಾಂಗ ಎಂದು ಹೇಳಿಬಿಡಬಾರದು. ಕಸಿ ಗಂಟಿನ ಕೆಳಗಿನ ಚಿಗುರನ್ನು ಚಿವುಟಲು ಆಳು ಬೇಡ, ದುಡ್ಡು ಬೇಡ. ತೋಟಕ್ಕೆ ಹೋದಾಗ ಹೆಬ್ಬೆರಳು ಸಾಕು. ಬಾಳೆಯ ಗೊನೆಯಲ್ಲಿ ಕೊನೆಯ ಚಿಪ್ಪು ಬಿಟ್ಟ ಮೇಲೆ ಹೂಮೊಗ್ಗನ್ನು ಮುರಿಯುವುದಕ್ಕೂ ಹಾಗೆಯೇ. ಮುರಿದ ತುದಿಗೆ ಅರ್ಧ ಕಿಲೋ ಹಸಿ ಸಗಣಿಯಲ್ಲಿ ಏಳೂವರೆ ಗ್ರಾಂ ಯೂರಿಯಾ, ಏಳೂವರೆ ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಕಲಸಿ ಚೀಲದಲ್ಲಿ ಕಟ್ಟುವ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಧಾನವಂತೂ ಕೊಟ್ಟಿಗೆಯಿರುವ ಪ್ರತಿ ಮನೆಗೂ ಸಾಧ್ಯ. ಇಂಥವು ಆಗದಿರುವುದಕ್ಕೆ ನಾನು ಕಂಡ ಕಾರಣವೆಂದರೆ, ನಾವು ತರಬೇತಿಯನ್ನು ಸಭಾಂಗಣದಲ್ಲಿ ಕೊಟ್ಟೆವು, ಗಿಡದ ಬುಡದಲ್ಲಿ ಕೊಡಲಿಲ್ಲ. ಗಿಡ ವಿತರಣೆಯ ದಿನ ನೂರು ಜನ ಸೇರುತ್ತಾರೆ. ಮರುವರ್ಷ ಅದೇ ಗಿಡದ ಮುಂದೆ ನಿಂತು, ಈ ಚಿಗುರು ಯಾವುದು, ಈ ಪ್ಲಾಸ್ಟಿಕ್ ಪಟ್ಟಿ ಏಕೆ ಇನ್ನೂ ಇದೆ ಎಂದು ಕೇಳುವವರು ಯಾರೂ ಇರುವುದಿಲ್ಲ. ಯೋಜನೆಯ ಗುರಿ ಎಷ್ಟು ಗಿಡ ಹಂಚಲಾಯಿತು ಎಂಬಲ್ಲಿಗೆ ಮುಗಿಯುತ್ತದೆ. ಎಷ್ಟು ಬದುಕಿದವು, ಎಷ್ಟು ಫಲ ಕೊಟ್ಟವು ಎಂಬುದನ್ನು ಎಣಿಸಲು ಸಿಬ್ಬಂದಿಯೂ ಇಲ್ಲ, ಕಾಲಂ ಕೂಡ ಇಲ್ಲ.

ಇನ್ನು ಸುಣ್ಣ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಭಾರೀ ಮಳೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿ ಹುಳಿ ಹೆಚ್ಚಿರುತ್ತದೆ. ರಂಜಕ ಮಣ್ಣಿನಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಸುಣ್ಣ ಹಾಕದೆ ಗೊಬ್ಬರ ಸುರಿದವರ ದುಡ್ಡು ವ್ಯರ್ಥವಾಗುವುದನ್ನು ನೋಡಿದ್ದೇನೆ. ಆದರೆ ಸುಣ್ಣದ ಫಲ ನಿಧಾನ, ಎಥ್ರೆಲಿನಂತೆ ಕಣ್ಣಿಗೆ ಹೊಡೆದು ಕಾಣುವುದಿಲ್ಲ. ಒಂದೇ ತೋಟದ ಅರ್ಧಕ್ಕೆ ಹಾಕಿ ಅರ್ಧಕ್ಕೆ ಬಿಟ್ಟು ತೋರಿಸದ ಹೊರತು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಎಲೆಚುಕ್ಕೆ ರೋಗ ಮತ್ತು ಹಳದಿ ಎಲೆ ರೋಗದಿಂದ ಅಡಿಕೆ ಸೋಲುತ್ತಿರುವ ಕಡೆ ಜನ ರಂಬುಟಾನ್, ಮ್ಯಾಂಗೋಸ್ಟಿನ್, ಬೆಣ್ಣೆಹಣ್ಣಿನ ಕಡೆ ತಿರುಗುತ್ತಿದ್ದಾರೆ. ಇವರ ಅವಸರವನ್ನು ಅರ್ಥ ಮಾಡಿಕೊಳ್ಳಬಲ್ಲೆ. ಆದರೂ ಎಚ್ಚರಿಕೆ ಬೇಕು: ಬೆಣ್ಣೆಹಣ್ಣಿನ ಬೇರು ನಿಂತ ನೀರನ್ನು ತಾಳುವುದಿಲ್ಲ, ಬೇರುಕೊಳೆ ಹತ್ತಿ ಗಿಡ ಸಾಯುತ್ತದೆ. ಅಡಿಕೆ ತೋಟದ ತಗ್ಗಿನಲ್ಲಿ, ಬಸಿಗಾಲುವೆ ಮುಚ್ಚಿಹೋದ ಕಡೆ ಅದನ್ನು ನೆಡಬಾರದು. ಬ್ಯಾಣದ (ತೋಟಕ್ಕೆ ಸೇರಿದ ಹುಲ್ಲುಗಾವಲಿನ) ಇಳಿಜಾರಿನಲ್ಲಿ ದಿಬ್ಬ ಮಾಡಿ ನೆಡಬೇಕು. ಅಡಿಕೆ ಸತ್ತ ಗುಂಡಿಗೇ ಇದನ್ನು ಇಟ್ಟವರಿಗೆ ಎರಡು ಸಲ ನಷ್ಟ.

ಉತ್ತರ — ಕಸಿಮನೆ, ಸಾಗರ

ನಾನು ಮನೆಯ ಹಿತ್ತಿಲಿನಲ್ಲಿ ಸಣ್ಣ ನರ್ಸರಿ ನಡೆಸುತ್ತೇನೆ, ಮಹಿಳಾ ಸಂಘದೊಡನೆ ಮಿಡಿ ಉಪ್ಪಿನಕಾಯಿಯನ್ನೂ ಮಾಡುತ್ತೇನೆ. ಎಲ್ಲರೂ ಕಸಿ ಗಿಡ ಒಪ್ಪಿದ್ದಾರೆ ಎಂದು ಪ್ರಶ್ನೆಯಲ್ಲೇ ಬರೆದಿದ್ದೀರಿ. ಕಸಿ ಎಂದರೆ ಯಾವುದರ ಕಸಿ ಎಂಬುದನ್ನು ಕೇಳದೆ ಆ ಮಾತನ್ನು ಒಪ್ಪಬೇಡಿ.

ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಹೆಸರು ದೂರ ಹೋಗಿದೆ. ಆದ್ದರಿಂದಲೇ ಹೆಸರಿನಲ್ಲಿ ಮೋಸವೂ ಸುಲಭವಾಗಿದೆ. ಅಪ್ಪೆ ಒಂದೇ ತಳಿಯಲ್ಲ. ಜೀರಿಗೆಯ ಪರಿಮಳದ್ದು ಬೇರೆ, ಅನಂತಭಟ್ಟನ ಅಪ್ಪೆ ಬೇರೆ, ಮಾಳಂಜಿ ಬೇರೆ. ಒಂದರ ಮಿಡಿ ಉದ್ದ, ಒಂದರದ್ದು ಗುಂಡು, ಒಂದು ಉಪ್ಪಿನಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ, ಇನ್ನೊಂದು ಬೇಗ ಮೆತ್ತಗಾಗುತ್ತದೆ. ಗಿಡ ಚಿಕ್ಕದಿರುವಾಗ ಕೊಳ್ಳುವವರಿಗೆ ಇದ್ಯಾವುದೂ ಕಾಣುವುದಿಲ್ಲ. ಎಲೆ ಹಿಸುಕಿ ಮೂಸಿ ನೋಡುವ ಅನುಭವಿಗಳು ಇದ್ದಾರೆ, ಆದರೆ ಎಲ್ಲರಿಂದಲೂ ಅದು ಆಗದು. ನಾಲ್ಕೈದು ವರ್ಷ ಸಾಕಿ, ಮೊದಲ ಮಿಡಿಯನ್ನು ಉಪ್ಪಿಗೆ ಹಾಕಿದ ಮೇಲೆಯೇ ಸತ್ಯ ತಿಳಿಯುವುದು. ಅಲ್ಲಿಯವರೆಗೆ ಗಿಡಕ್ಕೆ ಗೊಬ್ಬರ, ಸವರುವಿಕೆ, ಮದ್ದು ಎಂದು ಹಣ ಹಾಕಲು ರೈತನಿಗೆ ಧೈರ್ಯ ಬರುವುದಿಲ್ಲ. ಗಿಡದ ಮೇಲೆ ನಂಬಿಕೆ ಇಲ್ಲದಿದ್ದರೆ ಕ್ರಮದ ಮೇಲೆ ಎಲ್ಲಿಂದ ಬರಬೇಕು? ರಂಬುಟಾನಿನಲ್ಲಿ ಇದು ಇನ್ನೂ ಕಠಿಣ. ಬೀಜದ ಗಿಡಗಳಲ್ಲಿ ಬಹಳಷ್ಟು ಗಂಡಾಗಿಬಿಡುತ್ತವೆ, ವರ್ಷಗಳ ಮೇಲೆ ಬರೀ ಹೂವು ಬಿಟ್ಟು ನಿಲ್ಲುತ್ತವೆ. ಅದಕ್ಕಾಗಿಯೇ ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅರ್ಕಾ ಕೂರ್ಗ್ ಅರುಣ್, ಅರ್ಕಾ ಕೂರ್ಗ್ ಪತೀಬ್ ಎಂಬ ತಳಿಗಳನ್ನು ಕೊಟ್ಟಿರುವುದು. ಕಣ್ಣು ಕಸಿ ಮಾಡಿದ ಗಿಡವನ್ನೇ ಕೇಳಿ ತೆಗೆದುಕೊಳ್ಳಬೇಕು.

ಒಳ್ಳೆಯ ಕಸಿ ಹೇಗಾಗುತ್ತದೆ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ತಮ್ಮ ಹಿತ್ತಿಲಿನ ಮರದಿಂದ ತಾವೇ ಕಸಿ ಮಾಡಿಕೊಂಡವರ ತೋಟಗಳಲ್ಲಿ ಉಳಿದ ಕ್ರಮಗಳೂ ಹೆಚ್ಚಾಗಿ ನಡೆಯುವುದನ್ನು ನಾನು ನೋಡಿದ್ದೇನೆ. ನಾವು ಮಿಡಿ ತಿಂದು ಗೊತ್ತಿರುವ ಮರವನ್ನೇ ತಾಯಿಮರವಾಗಿ ಆರಿಸುತ್ತೇವೆ. ಅದರಿಂದ ಕಸಿಗೆ ಬೇಕಾದ ಕಡ್ಡಿ ತೆಗೆಯುವ ಎಂಟು–ಹತ್ತು ದಿನ ಮೊದಲು ಆ ಕಡ್ಡಿಯ ಎಲೆಗಳನ್ನು ತೊಟ್ಟಿನ ಚೂರು ಉಳಿಯುವಂತೆ ಕತ್ತರಿಸಿಬಿಟ್ಟರೆ, ತುದಿಯ ಮೊಗ್ಗು ಊದಿಕೊಂಡು ಕಸಿಗೆ ಸಿದ್ಧವಾಗುತ್ತದೆ. ತೊಟ್ಟಿನ ಚೂರು ಮುಟ್ಟಿದರೆ ಉದುರಬೇಕು, ಅದೇ ಗುರುತು. ಬೇರುಸಸಿಯ ತಾಮ್ರ ಬಣ್ಣದ ಹೊಸ ಚಿಗುರನ್ನು ಕತ್ತರಿಸಿ, ಸೀಳಿ, ಅದೇ ದಪ್ಪದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ, ಪಟ್ಟಿ ಸುತ್ತಿ, ಮೇಲೆ ಸಣ್ಣ ಪ್ಲಾಸ್ಟಿಕ್ ಕೊಳವೆ ಇಳಿಬಿಡುತ್ತೇವೆ. ಆರಿದ್ರಾ ಮಳೆಯ ಹೊತ್ತಿನ ತೇವದ ಹವೆಯಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ. ಸಂಘದ ಹೆಂಗಸರು ಇದನ್ನು ಬೇಗ ಕಲಿತರು, ಅವರ ಕೈಯ ಹದ ನನ್ನದಕ್ಕಿಂತ ಚೆನ್ನಾಗಿದೆ.

ಹೆಂಗಸರ ಮಾತು ಬಂದದ್ದರಿಂದ ಕೇಳುತ್ತೇನೆ, ನಿಮ್ಮ ಪ್ರಶ್ನಾವಳಿಗೆ ಉತ್ತರ ಕೊಡುವವರು ಯಾರು? ಪಹಣಿಯಲ್ಲಿ ಹೆಸರಿರುವ ಗಂಡಸರೇ ಆದರೆ ಅರ್ಧ ವಿಷಯ ನಿಮಗೆ ಸಿಗುವುದಿಲ್ಲ. ಹಿತ್ತಿಲಿನ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು, ದರಗು (ಒಣ ಎಲೆ) ಮುಚ್ಚುವವರು, ಮಿಡಿಯನ್ನು ತೊಟ್ಟು ಸಮೇತ ಸೊನೆ ಸೋರದಂತೆ ಬಿಡಿಸಿ, ಬಿದ್ದು ಪೆಟ್ಟಾದದ್ದನ್ನು ಬೇರೆ ಮಾಡುವವರು ಹೆಂಗಸರು. ಪೆಟ್ಟಾದ ಒಂದು ಮಿಡಿ ಜಾಡಿಯನ್ನೇ ಕೆಡಿಸುತ್ತದೆ ಎಂಬುದು ಅವರಿಗೆ ಗೊತ್ತು. ಆದರೆ ತರಬೇತಿಗೆ ಹೋಗುವವರು ಗಂಡಸರು, ಕಲಿತದ್ದು ಅಡಿಗೆಮನೆಯವರೆಗೂ ಬರುವುದಿಲ್ಲ.

ಪಹಣಿ ಇಲ್ಲದವರ ಸಂಗತಿ ಇದಕ್ಕಿಂತ ಕಷ್ಟದ್ದು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮುಳುಗಡೆಯಾಗಿ ಬಂದವರ ಎಷ್ಟೋ ಮನೆಗಳಿಗೆ ಇಂದಿಗೂ ಸಾಗುವಳಿ ನೆಲದ ಹಕ್ಕುಪತ್ರ ಕೈಗೆ ಬಂದಿಲ್ಲ. ಪಹಣಿ ಇಲ್ಲದೆ ಹನಿ ನೀರಾವರಿಯ ಸಹಾಯಧನವಿಲ್ಲ, ಬೆಳೆಸಾಲವಿಲ್ಲ. ನಾಳೆ ಬಿಡಿಸಿಬಿಟ್ಟರೆ ಎಂಬ ಭಯದಲ್ಲಿ ಬದುಕುವವರು ಹತ್ತು ವರ್ಷದ ಮೇಲೆ ಫಲ ಕೊಡುವ ಮರವನ್ನು ಹೇಗೆ ನೆಟ್ಟಾರು? ಇವರನ್ನು "ಕಡಿಮೆ ಅಳವಡಿಕೆ"ಯ ಗುಂಪಿಗೆ ಸೇರಿಸುವ ಮೊದಲು, ನೆಲ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯನ್ನು ಪಟ್ಟಿಯ ತಲೆಯಲ್ಲಿ ಇಡಿ.

ಪ್ರಶ್ನೆ ಕೇಳಿದವರ ಮಾತು — ತುಂಗಾತೀರ, ತೀರ್ಥಹಳ್ಳಿ

ನಿಮ್ಮೆಲ್ಲರ ಉತ್ತರಗಳನ್ನು ಮುಂದಿಟ್ಟುಕೊಂಡು ಪ್ರಶ್ನಾವಳಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ಪ್ರತಿ ಕ್ರಮಕ್ಕೂ ಮಾಡಿದ್ದೀರಾ ಇಲ್ಲವಾ ಎಂದಷ್ಟೇ ಕೇಳದೆ, ಎಂದಾದರೂ ಮಾಡಿ ನೋಡಿದ್ದೀರಾ, ಬಿಟ್ಟಿದ್ದರೆ ಯಾವಾಗ ಮತ್ತು ಏಕೆ, ನಿಮ್ಮ ಅನುಕೂಲಕ್ಕೆ ಏನನ್ನಾದರೂ ಬದಲಿಸಿಕೊಂಡಿದ್ದೀರಾ, ಆ ತಿಂಗಳಲ್ಲಿ ತೋಟದಲ್ಲಿ ಬೇರೆ ಯಾವ ಕೆಲಸ ಇರುತ್ತದೆ ಎಂದು ಕೇಳುತ್ತೇನೆ. ನೆಲದ ಹಕ್ಕು, ಗೇಣಿಯ ಅವಧಿ, ಬೆಳೆಯ ಉದ್ದೇಶ ಮತ್ತು ಗಿಡ ತಂದ ಮೂಲ ಮೊದಲ ಪುಟಕ್ಕೆ ಬರುತ್ತವೆ. ಒಂದೇ ಮನೆಯ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆಯಾಗಿ ಮಾತನಾಡಿಸುತ್ತೇನೆ. ಒಟ್ಟು ಅಂಕವನ್ನು ಮಾರ್ಗದರ್ಶಕರು ಕೇಳುವುದರಿಂದ ಅದು ಇರುತ್ತದೆ, ಆದರೆ ಕ್ರಮವಾರು ಫಲಿತಾಂಶವನ್ನು ಬೇರೆಯಾಗಿಯೇ ಕೊಡುತ್ತೇನೆ. ಇನ್ನೇನಾದರೂ ಬಿಟ್ಟುಹೋಗಿದ್ದರೆ ದಯವಿಟ್ಟು ತಿಳಿಸಿ.

ಉತ್ತರ — ಹಿನ್ನೀರು ತೋಟ, ಹೊಸನಗರ

ಮಂಗ ಬಿಟ್ಟುಹೋಗಿದೆ. ಕಾಡಂಚಿನ ಊರುಗಳಲ್ಲಿ ಬಾಳೆ, ಸಪೋಟ, ಸೀಬೆ, ಅನಾನಸ್ ಇವುಗಳಿಗೆ ಯಾವ ಸುಧಾರಿತ ಕ್ರಮ ಅನುಸರಿಸಿದರೂ ಹಣ್ಣು ಬಲಿಯುವ ಹೊತ್ತಿಗೆ ಮಂಗಗಳ ಹಿಂಡು ಇಳಿಯುತ್ತದೆ, ಕೆಂದಳಿಲು ಬೇರೆ. ಕೆಲವರು ಇದೇ ಕಾರಣಕ್ಕೆ ಗಿಡಗಳಿಗೆ ಗೊಬ್ಬರ ಹಾಕುವುದನ್ನೇ ನಿಲ್ಲಿಸಿದ್ದಾರೆ. ಕೇಳಿದರೆ "ಮಂಗನಿಗೆ ಯಾಕೆ ಗೊಬ್ಬರ" ಎನ್ನುತ್ತಾರೆ. ಮನೆಯಿಂದ ತೋಟಕ್ಕೆ ಎಷ್ಟು ದೂರ, ಕಾಡಿನಿಂದ ಎಷ್ಟು ದೂರ, ಹಗಲಿನಲ್ಲಿ ಕಾಯುವವರು ಯಾರು ಎಂಬ ಪ್ರಶ್ನೆಗಳನ್ನು ಸೇರಿಸಿ. ಮನೆಯಲ್ಲಿ ಇಬ್ಬರು ಮುದುಕರಷ್ಟೇ ಉಳಿದಿರುವ ತೋಟಗಳು ನಮ್ಮಲ್ಲಿ ಹೆಚ್ಚುತ್ತಿವೆ, ಅವರನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಿ.

ಉತ್ತರ — ನಿವೃತ್ತ ತೋಟಗಾರಿಕೆ ನೌಕರ, ಶಿವಮೊಗ್ಗ

ಭೇಟಿಯ ಕಾಲದ ಬಗ್ಗೆ ಒಂದು ಸಲಹೆ. ಪ್ರಶ್ನಾವಳಿ ಹಿಡಿದು ಮಳೆಗಾಲದಲ್ಲೋ ಕೊನೆಕೊಯ್ಲಿನಲ್ಲೋ ಹೋದರೆ ಜನರಿಗೆ ಪುರುಸೊತ್ತಿರುವುದಿಲ್ಲ, ಜಗಲಿಯ ಮೇಲೆ ಕುಳಿತು ಬೇಗ ಮುಗಿಯುವ ಉತ್ತರ ಕೊಟ್ಟು ಕಳಿಸುತ್ತಾರೆ. ಮಾರ್ಚ್–ಏಪ್ರಿಲಿನಲ್ಲಿ ಮಿಡಿ ಕೊಯ್ಲಿನ ಸಮಯಕ್ಕೆ ಹೋಗಿ, ಉತ್ತರವನ್ನು ತೋಟದಲ್ಲಿ ನಿಂತೇ ಬರೆದುಕೊಳ್ಳಿ. ಸವರಿದ್ದೇನೆ ಎಂದವರ ಮರದಲ್ಲಿ ಕಡಿದ ಗಾಯ ಮಾಗಿರುವುದನ್ನು ನೋಡಬಹುದು, ಕಸಿ ಗಂಟನ್ನು ಮುಟ್ಟಿ ನೋಡಬಹುದು. ಸುಣ್ಣ ಹಾಕಿದ್ದೇನೆ ಎಂದವರಿದ್ದರೆ ಅವರ ತೋಟದ ಒಂದು ಹಿಡಿ ಮಣ್ಣನ್ನು ಪರೀಕ್ಷೆಗೆ ತನ್ನಿ. ಫಲಿತಾಂಶವನ್ನು ಅವರಿಗೆ ಮರಳಿ ತಲುಪಿಸುವುದನ್ನು ಮಾತ್ರ ಮರೆಯಬೇಡಿ, ಮಣ್ಣು ಕೊಟ್ಟು ವರದಿ ಕಾಣದವರು ಎರಡನೆಯ ಸಲ ಯಾರಿಗೂ ಮಣ್ಣು ಕೊಡುವುದಿಲ್ಲ.